ಮೈಯಲ್ಲಿ ಸೀಸ, ಪಾದರಸ ಸೇರಿದೆಯೇ? ಪರ್ಯಾಯ ಪರೀಕ್ಷೆಗಳನ್ನು ಒರೆಗೆ ಹಚ್ಚಿ ನಿಜ ತಿಳಿಯುವ ಸಮಗ್ರ ಮಾರ್ಗದರ್ಶಿ

ಜಾತ್ರೆ, ಎಕ್ಸಿಬಿಷನ್, ಕಲ್ಯಾಣ ಮಂಟಪದ ಆರೋಗ್ಯ ಶಿಬಿರ. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಇಂಥ ಜಾಗಗಳಲ್ಲಿ ಈಗ ಒಂದು ಮೇಜು ಕಣ್ಣಿಗೆ ಬೀಳುತ್ತದೆ. ಮೇಜಿನ ಮೇಲೆ ಲ್ಯಾಪ್‌ಟಾಪ್, ಅದಕ್ಕೊಂದು ವೈರು, ವೈರಿನ ತುದಿಗೆ ಲೋಹದ ಕಡ್ಡಿ. ಕಡ್ಡಿಯನ್ನು ಒಂದು ನಿಮಿಷ ಮುಷ್ಟಿಯಲ್ಲಿ ಹಿಡಿದರೆ ಪುಟಗಟ್ಟಲೆ ವರದಿ ಬರುತ್ತದೆ. ಸೀಸ ಜಾಸ್ತಿ, ಪಾದರಸ ಜಾಸ್ತಿ ಎಂದು ಕೆಂಪಕ್ಷರದಲ್ಲಿ ಬರೆದಿರುತ್ತದೆ. ಜನ ಹೆದರುತ್ತಾರೆ. ಹೆದರಿದವರಿಗೆ ಅಲ್ಲೇ ಮೈಯ ವಿಷ ತೆಗೆಯುತ್ತದೆ ಎನ್ನುವ ಡಿಟಾಕ್ಸ್ ಪುಡಿಯೂ ಸಿಗುತ್ತದೆ.

ಹೆದರಿಕೆ ಪೂರ್ತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಉತ್ತರ ಕರ್ನಾಟಕದ ಆಟೊಮೊಬೈಲ್ ಕೆಲಸಗಾರರ ರಕ್ತವನ್ನು ಪರೀಕ್ಷಿಸಿ 2011ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ವಿಜಯಪುರದ ವೈದ್ಯಕೀಯ ಕಾಲೇಜಿನವರೂ ಅದರಲ್ಲಿ ಇದ್ದರು. ಆ ಕೆಲಸಗಾರರ ರಕ್ತದಲ್ಲಿ ಸೀಸ ಹೆಚ್ಚಿತ್ತು, ಬಿಪಿ ಏರಿತ್ತು, ಹಿಮೋಗ್ಲೋಬಿನ್ ತಯಾರಾಗುವ ಕೆಲಸಕ್ಕೆ ಪೆಟ್ಟು ಬಿದ್ದಿತ್ತು. ಅಂದರೆ ಲೋಹದ ವಿಷ ಎಲ್ಲೋ ದೂರದ ದೇಶದ ಸುದ್ದಿಯಲ್ಲ. ನಮ್ಮ ಗ್ಯಾರೇಜಿನಲ್ಲೂ ಇದೆ. ಆದರೆ ಅದನ್ನು ಕಂಡುಹಿಡಿಯಲು ಸರಿಯಾದ ದಾರಿ ಬೇಕು. ತಪ್ಪು ಪರೀಕ್ಷೆಯಿಂದ ಎರಡು ಕಡೆಯೂ ನಷ್ಟ. ವಿಷ ಇಲ್ಲದವರು ಸುಮ್ನೆ ಔಷಧ ನುಂಗುತ್ತಾರೆ, ವಿಷ ಇದ್ದವರು ಎಲ್ಲ ಸರಿಯಿದೆ ಎಂದು ಮನೆಗೆ ಹೋಗುತ್ತಾರೆ.

ಇಲ್ಲಿ ಮುಖ್ಯವಾಗಿ ನಾಲ್ಕು ಲೋಹಗಳ ಮಾತಿದೆ: ಸೀಸ, ಪಾದರಸ, ಆರ್ಸೆನಿಕ್, ಕ್ಯಾಡ್ಮಿಯಂ. ಫ್ಲೋರೈಡ್ ಈ ಗುಂಪಿಗೆ ಸೇರುವುದಿಲ್ಲ. ವಿಜಯಪುರ, ಬಾಗಲಕೋಟೆಯ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವುದು ನಿಜ. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಬರುವುದು ಅದರಿಂದಲೇ. ಅದನ್ನು ಲೋಹದ ವಿಷ ಎಂದು ತಿಳಿದು ಸೀಸ ತೆಗೆಯುವ ಔಷಧ ತಿಂದರೆ ಏನೂ ಉಪಯೋಗವಿಲ್ಲ.

ಹೆಜ್ಜೆ 1: ಮೈಯನ್ನಲ್ಲ, ಮೊದಲು ಮನೆ ಮತ್ತು ಕೆಲಸವನ್ನು ಪರೀಕ್ಷಿಸಿ

ಲೋಹ ಮೈಯಲ್ಲಿ ತಾನಾಗಿ ಹುಟ್ಟುವುದಿಲ್ಲ. ಬಾಯಿ, ಮೂಗು ಅಥವಾ ಚರ್ಮದ ಮೂಲಕ ಹೊರಗಿನಿಂದ ಬರಬೇಕು. ಬಂದ ದಾರಿ ಸಿಗದಿದ್ದರೆ ಬರೀ ವರದಿ ನೋಡಿ ನಂಬುವುದು ಕಷ್ಟ. ದಾರಿ ಸಿಕ್ಕರೆ ಅರ್ಧ ಕೆಲಸ ಮುಗಿದಂತೆಯೇ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮನೆಯ ಪ್ರತಿಯೊಬ್ಬರ ಹೆಸರು ಬರೆದು, ಕೆಳಗಿನದನ್ನು ಒಂದೊಂದಾಗಿ ಕೇಳುತ್ತ ಹೋಗಿ.

ಕೆಲಸದಿಂದ ಶುರು ಮಾಡಿ. ಬ್ಯಾಟರಿ ಒಡೆಯುವುದು, ಬ್ಯಾಟರಿ ರಿಪೇರಿ, ರೇಡಿಯೇಟರ್ ಬೆಸುಗೆ, ಸ್ಪ್ರೇ ಪೇಂಟಿಂಗ್, ಹಳೇ ಬಣ್ಣ ಕೆರೆಯುವುದು, ಇವೆಲ್ಲ ಸೀಸದ ದಾರಿ. ಬೆಳಗಾವಿಯ ಉದ್ಯಮಬಾಗ್, ಮಚ್ಛೆಯ ಕಡೆ ಫೌಂಡ್ರಿಗಳಲ್ಲಿ ಕೆಲಸ ಮಾಡುವವರು ಯಾವ ಲೋಹ ಕರಗಿಸುತ್ತೇವೆ ಎಂದು ಕೇಳಿ ತಿಳಿದುಕೊಳ್ಳಬೇಕು. ಕಬ್ಬಿಣದ ಎರಕದಲ್ಲಿ ಮರಳಿನ ಧೂಳಿನ ಕಾಟ ದೊಡ್ಡದು. ಹಿತ್ತಾಳೆ, ಕಂಚಿನ ಎರಕವಾದರೆ ಸೀಸದ ಹೊಗೆಯೂ ಸೇರಬಹುದು. ಪತ್ತಾರರ ಅಂಗಡಿಯ ಮಾತು ಬೇರೆ. ಕೆಡಿಎಂ ಎಂದು ಜನ ಕರೆಯುವ ಚಿನ್ನ ಕ್ಯಾಡ್ಮಿಯಂ ಬೆಸುಗೆಯದು. ಆಭರಣ ಹಾಕಿಕೊಂಡವರಿಗಿಂತ ಬೆಸುಗೆ ಹಾಕುವಾಗ ಹೊಗೆ ಕುಡಿದವರಿಗೆ ಅಪಾಯ ಹೆಚ್ಚು. ಅದು ಪುಪ್ಪುಸಕ್ಕೂ ಮೂತ್ರಪಿಂಡಕ್ಕೂ ಕೆಟ್ಟದ್ದು.

ಕೆಲಸ ಮಾಡುವವರು ಒಬ್ಬರೇ ಆದರೂ ಅವರ ಅಂಗಿ, ಕೂದಲು, ಚಪ್ಪಲಿಯ ಧೂಳು ಮನೆಯ ಮಗುವಿನ ಬಾಯಿಗೆ ಹೋಗುತ್ತದೆ. ಅದಕ್ಕೇ ಎಲ್ಲರ ಹೆಸರೂ ಬರೆಯಿರಿ ಎಂದೆ.

ಆಮೇಲೆ ಅಡುಗೆ ಮನೆ. ಹಿತ್ತಾಳೆ, ತಾಮ್ರದ ಭಾಂಡೆಗೆ ಕಲಾಯಿ ಹಾಕಿಸುತ್ತೀರಲ್ಲ, ಅದು ಶುದ್ಧ ತವರವಾಗಿರಬೇಕು. ಅಗ್ಗವಾಗಲಿ ಎಂದು ಸೀಸ ಬೆರೆಸಿದ್ದರೆ ಹುಣಸೆಹುಳಿ, ಮಜ್ಜಿಗೆ, ಟೊಮೆಟೊ ಸಾರು ಅದನ್ನು ಕರಗಿಸಿಕೊಂಡು ಬರುತ್ತವೆ. ಗುಜರಿ ಲೋಹ ಕರಗಿಸಿ ಮಾಡಿದ ಅಗ್ಗದ ಅಲ್ಯೂಮಿನಿಯಂ ಪಾತ್ರೆಗಳಿಂದಲೂ ಸೀಸ ಬಿಡಬಹುದು. ಅರಿಶಿಣವನ್ನೂ ನೋಡಿ. ನಮ್ಮ ಕೃಷ್ಣಾ, ಘಟಪ್ರಭಾ ದಂಡೆಯಲ್ಲಿ ಒಳ್ಳೆಯ ಅರಿಶಿಣ ಬೆಳೆಯುತ್ತದೆ. ತೊಂದರೆ ಬೆಳೆಯಲ್ಲಲ್ಲ, ಪಾಲಿಶ್ ಮಾಡುವಾಗ ಹೊಳಪಿಗಾಗಿ ಬಳಸುವ ಸೀಸದ ಕ್ರೋಮೇಟ್‌ನಲ್ಲಿ. ಒಂದು ಕೊಂಬು ಅರಿಶಿಣವನ್ನು ನೀರಿಗೆ ಹಾಕಿ. ಹಾಕಿದ ಕೂಡಲೇ ಗಾಢ ಹಳದಿ ಬಣ್ಣ ಬಿಟ್ಟರೆ ಅನುಮಾನಪಡಿ. ಬಣ್ಣ ಬಿಡದಿದ್ದರೆ ಶುದ್ಧ ಎಂಬ ಖಾತ್ರಿಯಿಲ್ಲ, ಅದಕ್ಕೆ ಲ್ಯಾಬೇ ಬೇಕು. ಪಾಲಿಶ್ ಮಾಡದ ಕೊಂಬನ್ನು ಗುರುತಿನ ರೈತರಿಂದ ತಂದು ಗಿರಣಿಯಲ್ಲಿ ಬೀಸಿಸಿಕೊಳ್ಳುವುದು ನನ್ನ ಪ್ರಕಾರ ಎಲ್ಲಕ್ಕಿಂತ ಸುಲಭದ ದಾರಿ.

ಮುಖ, ಕಣ್ಣು, ಹಣೆ. ಸುರ್ಮಾದಲ್ಲಿ ಸೀಸದ ಸಲ್ಫೈಡ್ ಇರಬಹುದು. ಹನುಮಪ್ಪನಿಗೆ ಹಚ್ಚುವ ಕೇಸರಿ ಸಿಂಧೂರ ಎಷ್ಟೋ ಸಲ ಸೀಸದ ಆಕ್ಸೈಡ್ ಆಗಿರುತ್ತದೆ. ದೇವರಿಗೆ ಹಚ್ಚಿದರೆ ಚಿಂತೆಯಿಲ್ಲ, ಮಗುವಿನ ಹಣೆಗೆ ದಿನವೂ ಹಚ್ಚಬೇಡಿ, ಹಚ್ಚಿದ ಕೈಯಿಂದ ಉಣ್ಣಬೇಡಿ. ಬಾಗಲಕೋಟೆಯ ಹೋಳಿ ಎಂದರೆ ದಿನಗಟ್ಟಲೆ ಬಣ್ಣದಾಟ. ಅಲ್ಲಿ ಬಳಕೆಯಾಗುವ ಕಾರ್ಖಾನೆಯ ಬಣ್ಣಗಳಲ್ಲಿಯೂ ಲೋಹಗಳಿರಬಹುದು. ಮುಖ ಬೆಳ್ಳಗಾಗುವ ಕ್ರೀಮಿನ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ತಯಾರಕರ ಹೆಸರು, ಲೈಸನ್ಸ್ ನಂಬರ್ ಇಲ್ಲದ ಕ್ರೀಮುಗಳಲ್ಲಿ ಪಾದರಸ ಇರುವುದು ಮತ್ತೆ ಮತ್ತೆ ಸಿಕ್ಕಿದೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಕ್ರೀಮು ಹಚ್ಚಿದವರ ಮೂತ್ರಪಿಂಡ ಕೆಟ್ಟದ್ದನ್ನು ವೈದ್ಯರೇ ವರದಿ ಮಾಡಿದ್ದಾರೆ. ಮೂತ್ರದಲ್ಲಿ ನೊರೆ, ಕಾಲಲ್ಲಿ ಬಾವು ಕಂಡರೆ ಕ್ರೀಮಿನ ಡಬ್ಬಿಯನ್ನೇ ಆಸ್ಪತ್ರೆಗೆ ತೆಗೆದುಕೊಂಡು ಹೋಗಿ.

ಔಷಧದ ಕಪಾಟು. ನಾಗಭಸ್ಮ ಸೀಸದ್ದು. ರಸಸಿಂಧೂರ, ಕಜ್ಜಲಿ ಪಾದರಸದ್ದು. ಹರತಾಳ, ಮಲ್ಲಸಿಂಧೂರದಲ್ಲಿ ಆರ್ಸೆನಿಕ್ ಇದೆ. ಇವುಗಳ ಲೇಬಲ್ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲೇ ತೆಗೆದುಕೊಳ್ಳಬೇಕು ಎಂದು ಬರೆಯಬೇಕೆಂಬ ಕಾನೂನಿದೆ. ಲೇಬಲ್ಲೇ ಇಲ್ಲದ, ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಟ್ಟ ಪುಡಿಯನ್ನು ಅನುಮಾನದ ಪಟ್ಟಿಯಲ್ಲಿ ಮೊದಲು ಬರೆಯಿರಿ. ಅಮೆರಿಕದ ಬೋಸ್ಟನ್ ಪ್ರದೇಶದ ಅಂಗಡಿಗಳಲ್ಲಿ ಮಾರುತ್ತಿದ್ದ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ನಮ್ಮಲ್ಲಿ ಗಿಡಮೂಲಿಕೆಯ ಔಷಧಕ್ಕೆ ಇಟ್ಟಿರುವ ಮಿತಿ ಹೀಗಿದೆ: ಸೀಸ 10, ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ ಎಂಬ ಅಳತೆ). ಕಂಪನಿಗೆ ಫೋನ್ ಮಾಡಿ ಆ ಬ್ಯಾಚಿನ ಪರೀಕ್ಷಾ ವರದಿ ಕೇಳಿ. ಕೇಳುವುದು ನಿಮ್ಮ ಹಕ್ಕು.

ಕೊನೆಗೆ ನೀರು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಲೀಟರಿಗೆ ಸೀಸ 0.01 ಮಿಲಿಗ್ರಾಂ, ಕ್ಯಾಡ್ಮಿಯಂ 0.003, ಪಾದರಸ 0.001 ಮಿತಿ. ಆರ್ಸೆನಿಕ್ ಕೂಡ 0.01 ದಾಟಬಾರದು. ಪಕ್ಕದ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಕೊಳವೆಬಾವಿ ನೀರಿನ ಆರ್ಸೆನಿಕ್‌ನಿಂದ ಜನರಿಗೆ ಚರ್ಮರೋಗ ಬಂದದ್ದು ದಾಖಲಾಗಿದೆ. ಅದು ಚಿನ್ನದ ಗಣಿ ಪ್ರದೇಶದ ಹತ್ತಿರದ ಊರು. ಹಾಗಂತ ನಮ್ಮ ಎಲ್ಲ ಬೋರ್‌ವೆಲ್‌ಗೂ ಹೆದರಬೇಕಿಲ್ಲ. ಒಮ್ಮೆ ಪರೀಕ್ಷೆ ಮಾಡಿಸಿದರೆ ಸಾಕು. ಪಂಚಾಯಿತಿಯ ಕಿಟ್‌ನಲ್ಲಿ ಫ್ಲೋರೈಡ್, ನೈಟ್ರೇಟ್, ಗಡಸುತನ ಗೊತ್ತಾಗುತ್ತದೆ, ಸೀಸ ಗೊತ್ತಾಗುವುದಿಲ್ಲ. ಜಿಲ್ಲೆಯ ಗ್ರಾಮೀಣ ಕುಡಿಯುವ ನೀರಿನ ಪ್ರಯೋಗಾಲಯದಲ್ಲಿ ಲೋಹಗಳ ಪರೀಕ್ಷೆ ಇದೆಯೇ ಎಂದು ಕೇಳಿ. ಬಾಟಲಿ ಅವರಿಂದಲೇ ಪಡೆಯಿರಿ. ನಳದ ನೀರಾದರೆ ಬೆಳಿಗ್ಗೆ ಮೊದಲು ಬಂದ ನೀರು ಒಂದು ಬಾಟಲಿ, ಸ್ವಲ್ಪ ಹೊತ್ತು ಹರಿಸಿದ ಮೇಲೆ ಇನ್ನೊಂದು ಬಾಟಲಿ ಹಿಡಿಯಿರಿ. ಮೊದಲನೆಯದರಲ್ಲಿ ಮಾತ್ರ ಸೀಸ ಜಾಸ್ತಿ ಬಂದರೆ ತಪ್ಪು ಪೈಪು, ನಳದಲ್ಲಿದೆ. ಟಿಡಿಎಸ್ ಮೀಟರ್ ತೋರಿಸುವುದು ಒಟ್ಟು ಲವಣಾಂಶ ಅಷ್ಟೇ. ಅದರಿಂದ ಲೋಹದ ವಿಷ ಗೊತ್ತಾಗುವುದೇ ಇಲ್ಲ.

ಹೆಜ್ಜೆ 2: ಮೈ ಏನು ಹೇಳುತ್ತಿದೆ, ಬರೆದಿಡಿ

ಸುಸ್ತು, ತಲೆನೋವು, ಮರೆವು, ನಿದ್ದೆ ಬಾರದಿರುವುದು. ಡಿಟಾಕ್ಸ್ ಮಾರುವವರ ಪ್ರಶ್ನಾವಳಿ ತುಂಬ ಇಂಥವೇ. ಯಾರು ತುಂಬಿದರೂ ಅಂಕ ಬರುತ್ತದೆ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ಬಿ12 ಕೊರತೆ, ಇವೆಲ್ಲವೂ ಹೀಗೇ ಕಾಣುತ್ತವೆ ಮತ್ತು ಲೋಹದ ವಿಷಕ್ಕಿಂತ ಎಷ್ಟೋ ಪಟ್ಟು ಸಾಮಾನ್ಯ.

ಕಣ್ಣಿಗೆ ಕಾಣುವ ಕೆಲವು ಗುರುತುಗಳಿಗೆ ಮಾತ್ರ ನಿಜವಾದ ಬೆಲೆಯಿದೆ. ಬಿಟ್ಟು ಬಿಟ್ಟು ಬರುವ ಹೊಟ್ಟೆಯ ಹಿಂಡುನೋವು, ಮಲಬದ್ಧತೆ, ಒಸಡಿನ ಅಂಚಿನಲ್ಲಿ ನೀಲಿ-ಕಪ್ಪು ಗೆರೆ, ಮಣಿಕಟ್ಟು ಎತ್ತಲಾಗದೆ ಜೋತುಬೀಳುವುದು ಸೀಸದವು. ಅಂಗೈ, ಅಂಗಾಲು ಗಡುಸಾಗಿ ಗಂಟುಗಂಟಾಗುವುದು, ಮೈಮೇಲೆ ಮಳೆಹನಿ ಬಿದ್ದಂತೆ ಕಪ್ಪು-ಬಿಳಿ ಚುಕ್ಕೆ, ಉಗುರಿನ ಮೇಲೆ ಅಡ್ಡ ಬಿಳಿ ಪಟ್ಟೆ ಆರ್ಸೆನಿಕ್‌ನವು. ಕೈ ನಡುಕ, ಒಸಡಿನ ಬಾವು, ಕಾರಣವಿಲ್ಲದ ಸಂಕೋಚ, ಸಿಡುಕು ಪಾದರಸದ ಆವಿ ಕುಡಿದವರಲ್ಲಿ ಬರುತ್ತವೆ. ಕ್ಯಾಡ್ಮಿಯಂ ಗುಪ್ತವಾಗಿ ಮೂತ್ರಪಿಂಡ ತಿನ್ನುತ್ತದೆ. ಈ ಗುರುತುಗಳು ತಡವಾಗಿ ಬರುತ್ತವೆ. ಇಲ್ಲ ಎಂದರೆ ವಿಷವಿಲ್ಲ ಎಂದಲ್ಲ. ಮಕ್ಕಳಲ್ಲಂತೂ ಸೀಸ ಯಾವ ಗುರುತೂ ತೋರದೆ ಬುದ್ಧಿ ಬೆಳವಣಿಗೆಯನ್ನು ಕುಗ್ಗಿಸುತ್ತದೆ.

ಯಾವ ತೊಂದರೆ ಯಾವಾಗ ಶುರುವಾಯಿತು, ರಜೆಯಲ್ಲಿ ಊರಿಗೆ ಹೋದಾಗ ಕಡಿಮೆಯಾಗುತ್ತದೆಯೇ, ಮನೆಯ ಬೇರೆಯವರಿಗೂ ಇದೆಯೇ ಎಂದು ಬರೆದುಕೊಳ್ಳಿ. ಮಗುವಿಗೆ ಫಿಟ್ಸ್ ಬಂದರೆ, ಎಚ್ಚರ ತಪ್ಪಿದರೆ, ಹೊಟ್ಟೆನೋವಿನ ಜೊತೆ ವಾಂತಿ ನಿಲ್ಲದಿದ್ದರೆ ಈ ಮಾರ್ಗದರ್ಶಿ ಓದುತ್ತ ಕೂರಬೇಡಿ. ನೇರ ದೊಡ್ಡಾಸ್ಪತ್ರೆಗೆ ಹೋಗಿ.

ಹೆಜ್ಜೆ 3: ಪರ್ಯಾಯ ಪರೀಕ್ಷೆಗಳು, ಯಾವುದರಲ್ಲಿ ಎಷ್ಟು ಸತ್ವ

ಕೂದಲಿನ ಪರೀಕ್ಷೆ ಇವುಗಳಲ್ಲಿ ಸ್ವಲ್ಪ ಗಟ್ಟಿ ನೆಲದ ಮೇಲಿದೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಬೆಳೆಯುವಾಗ ರಕ್ತದಲ್ಲಿದ್ದ ಲೋಹ ಅದರೊಳಗೆ ಸೇರುತ್ತದೆ. ಮೀನಿನಿಂದ ಬರುವ ಮೀಥೈಲ್ ಪಾದರಸವನ್ನು ಅಳೆಯಲು ವಿಜ್ಞಾನಿಗಳೂ ಕೂದಲನ್ನು ಬಳಸುತ್ತಾರೆ. ಆರ್ಸೆನಿಕ್ ಕೊಟ್ಟು ಕೊಂದ ಪ್ರಕರಣಗಳಲ್ಲಿ ಪೊಲೀಸರಿಗೂ ಅದು ಬೇಕಾಗುತ್ತದೆ. ತೊಡಕು ಎಲ್ಲಿದೆ ಎಂದರೆ, ಧೂಳು, ಬೋರ್‌ವೆಲ್ ನೀರು, ಬಣ್ಣ, ಶಾಂಪೂ ಎಲ್ಲವೂ ಹೊರಗಿನಿಂದಲೂ ಕೂದಲಿಗೆ ಅಂಟುತ್ತವೆ. ತೊಳೆದರೂ ಒಳಗಿನದು ಯಾವುದು, ಹೊರಗಿನದು ಯಾವುದು ಎಂದು ಬಿಡಿಸುವುದು ಕಷ್ಟ. 2001ರಲ್ಲಿ ಅಮೆರಿಕದಲ್ಲಿ ಒಬ್ಬರದೇ ಕೂದಲನ್ನು ಭಾಗ ಮಾಡಿ ಆರು ಲ್ಯಾಬಿಗೆ ಕಳಿಸಿದರು. ಹನ್ನೆರಡು ಖನಿಜಗಳ ವಿಷಯದಲ್ಲಿ ಒಂದು ಲ್ಯಾಬಿನ ಅಂಕಿ ಇನ್ನೊಂದರದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚಿತ್ತು. ಕೊಡಲೇಬೇಕು ಎಂದಿದ್ದರೆ ತಲೆಯ ಹಿಂಭಾಗದಿಂದ, ಬುಡಕ್ಕೆ ಹತ್ತಿ, ಬಣ್ಣ ಅಥವಾ ಮೆಹಂದಿ ಹಾಕದ ಕೂದಲು ಕೊಡಿ. ವರದಿ ಜಾಸ್ತಿ ಬಂದರೆ ರಕ್ತ ಅಥವಾ ಮೂತ್ರದ ಪರೀಕ್ಷೆ ಮಾಡಿಸಲು ಅದೊಂದು ಕಾರಣ ಎಂದಷ್ಟೇ ತಿಳಿಯಿರಿ.

ಕಡ್ಡಿ ಹಿಡಿಯುವ ಯಂತ್ರಕ್ಕೆ ಕ್ವಾಂಟಮ್ ಅನಲೈಸರ್, ಬಯೋ ರೆಸೊನೆನ್ಸ್ ಎಂದೆಲ್ಲ ಹೆಸರಿದೆ. ಅಂಗೈಯ ಚರ್ಮದ ಮೇಲೆ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನು ಇಂಥ ಕಡ್ಡಿ ಅಳೆಯಬಲ್ಲದು. ಬೆವರು, ಒತ್ತಿ ಹಿಡಿದ ಬಲ ಬದಲಾದರೆ ಅದೂ ಬದಲಾಗುತ್ತದೆ. ರಕ್ತದೊಳಗಿನ ಸೀಸವನ್ನು ಹೊರಗಿನಿಂದ ಎಣಿಸುವ ಯಾವ ದಾರಿಯೂ ಅದರಲ್ಲಿಲ್ಲ. ಇದಕ್ಕೆ ಹಣ ಕೊಡಬೇಡಿ.

ಮಾಂಸಖಂಡದ ಪರೀಕ್ಷೆಯಲ್ಲಿ ನಿಮ್ಮ ಕೈಗೆ ಯಾವುದೋ ಲೋಹ ಇರುವ ಒಂದು ಸೀಸೆ ಕೊಟ್ಟು ತೋಳನ್ನು ಕೆಳಗೆ ಒತ್ತುತ್ತಾರೆ. ತೋಳು ಸೋತರೆ ಆ ಲೋಹ ನಿಮ್ಮಲ್ಲಿದೆ ಎನ್ನುತ್ತಾರೆ. ಸೀಸೆಯಲ್ಲಿ ಏನಿದೆ ಎಂದು ಇಬ್ಬರಿಗೂ ಗೊತ್ತಿಲ್ಲದಂತೆ ಮಾಡಿದ ಪರೀಕ್ಷೆಗಳಲ್ಲಿ ಇದು ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಚೆನ್ನಾಗಿ ನಡೆದಿಲ್ಲ.

ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ಭಾಗ ನೋಡಿ ಹೇಳುವ ಇರಿಡಾಲಜಿಯೂ ಹಾಗೇ. ಆದರೆ ಇಲ್ಲೊಂದು ನಿಜ ಸಂಗತಿ ಇದೆ. ವಿಲ್ಸನ್ ಕಾಯಿಲೆ ಎಂಬ ಅನುವಂಶೀಯ ರೋಗದಲ್ಲಿ ತಾಮ್ರ ಮೈಯಲ್ಲಿ ಉಳಿದುಕೊಂಡು ಕಪ್ಪುಗುಡ್ಡೆಯ ಸುತ್ತ ಕಂದು-ಹಸಿರು ಉಂಗುರ ಮೂಡುತ್ತದೆ. ಅದನ್ನು ಗುರುತಿಸುವುದು ಕಣ್ಣಿನ ವೈದ್ಯರ ಸ್ಲಿಟ್ ಲ್ಯಾಂಪ್ ಪರೀಕ್ಷೆ. ಹದಿಹರೆಯದವರಲ್ಲಿ ಲಿವರ್ ತೊಂದರೆ, ಕೈ ನಡುಕ ಒಟ್ಟಿಗೆ ಬಂದರೆ ಇದನ್ನು ಕೇಳಿ ಮಾಡಿಸಬೇಕು.

ಕಾಲು ತೊಟ್ಟಿಯ ಡಿಟಾಕ್ಸ್ ನೋಡಿರಬಹುದು. ಉಪ್ಪುನೀರಿನಲ್ಲಿ ಕಾಲಿಟ್ಟು ಕರೆಂಟ್ ಹಾಯಿಸಿದರೆ ನೀರು ಕಂದಾಗುತ್ತದೆ. ಬಣ್ಣ ನೋಡಿ ಇದು ಲಿವರ್ ಕಸ, ಇದು ಭಾರಲೋಹ ಎನ್ನುತ್ತಾರೆ. ಬಣ್ಣ ಬರುವುದು ಕಬ್ಬಿಣದ ತಂತಿ ತುಕ್ಕು ಹಿಡಿಯುವುದರಿಂದ. ನೀರಿನ ಫಿಲ್ಟರ್ ಮಾರುವವರು ಗ್ಲಾಸಿನಲ್ಲಿ ಎರಡು ಸರಳು ಇಳಿಸಿ ನಿಮ್ಮ ನಳದ ನೀರನ್ನು ಕೊಳೆ ಮಾಡಿ ತೋರಿಸುತ್ತಾರಲ್ಲ, ಅದರ ವಿದ್ಯೆಯೂ ಇದೇ. ಅಂಗಾಲಿಗೆ ಅಂಟಿಸುವ ಪಟ್ಟಿ ಬೆಳಗ್ಗೆ ಕಪ್ಪಾಗುವುದು ಬೆವರಿನ ತೇವಕ್ಕೆ.

ಲೈವ್ ಬ್ಲಡ್ ಎಂದು ಒಂದು ಹನಿ ರಕ್ತವನ್ನು ಟಿವಿ ಪರದೆಯಲ್ಲಿ ತೋರಿಸುವವರಿದ್ದಾರೆ. ಕರಗಿದ ಲೋಹ ಸೂಕ್ಷ್ಮದರ್ಶಕಕ್ಕೆ ಕಾಣುವುದಿಲ್ಲ. ಪ್ಯಾಥಾಲಜಿಸ್ಟ್ ಬಣ್ಣ ಹಾಕಿ ನೋಡುವ ರಕ್ತದ ಸ್ಮಿಯರ್‌ನಲ್ಲಿ ಮಾತ್ರ ಕೆಂಪುಕಣದೊಳಗೆ ನೀಲಿ ಚುಕ್ಕೆಗಳು ಕಂಡು ಸೀಸದ ಸುಳಿವು ಸಿಗುವುದುಂಟು. ಅದೂ ಸುಳಿವು ಅಷ್ಟೇ.

ಆಯುರ್ವೇದದ ನಾಡಿ, ಜಿಹ್ವಾ, ಮೂತ್ರ ಪರೀಕ್ಷೆಗಳ ಬಗ್ಗೆ ನನಗೆ ಗೌರವವಿದೆ. ಮೂತ್ರದ ಮೇಲೆ ಎಳ್ಳೆಣ್ಣೆಯ ಹನಿ ಬಿಟ್ಟು ಅದು ಹರಡುವ ರೀತಿ ನೋಡುವ ತೈಲಬಿಂದು ಪರೀಕ್ಷೆ ಆ ಶಾಸ್ತ್ರದೊಳಗಿನ ರೋಗನಿರ್ಣಯದ ಕ್ರಮ. ಆದರೆ ಅವು ಲೋಹವನ್ನು ಅಳೆಯುವುದಕ್ಕೆ ಹುಟ್ಟಿದವಲ್ಲ. ಬಲ್ಲ ವೈದ್ಯರು ಹಾಗೆ ಹೇಳಿಕೊಳ್ಳುವುದೂ ಇಲ್ಲ. ಲೋಹ, ಖನಿಜಗಳಿಂದ ಔಷಧ ಮಾಡುವ ರಸಶಾಸ್ತ್ರದಲ್ಲಿ ಭಸ್ಮದ ಗುಣಮಟ್ಟಕ್ಕೆ ಪರೀಕ್ಷೆಗಳಿವೆ. ನೀರಿನ ಮೇಲೆ ತೇಲಿದರೆ ವಾರಿತರ, ಬೆರಳ ಗೆರೆಯೊಳಗೆ ತುಂಬಿಕೊಂಡರೆ ರೇಖಾಪೂರ್ಣ, ಹೊಳಪು ಉಳಿಯದಿದ್ದರೆ ನಿಶ್ಚಂದ್ರ, ಮತ್ತೆ ಲೋಹವಾಗಿ ತಿರುಗದಿದ್ದರೆ ಅಪುನರ್ಭವ. ಸರಿಯಾಗಿ ಮಾಡದ ಭಸ್ಮ ಇಲ್ಲಿ ಸಿಕ್ಕಿಬೀಳುತ್ತದೆ. ತಿಂದವರ ರಕ್ತಕ್ಕೆ ಎಷ್ಟು ಸೀಸ ಹೋಯಿತು ಎಂಬುದಕ್ಕೆ ಇದು ಉತ್ತರವಲ್ಲ. ಭಸ್ಮ ತಿಂಗಳುಗಟ್ಟಲೆ ತೆಗೆದುಕೊಂಡವರು ಬೆಳಗಾವಿಯ ಶಹಾಪುರದಲ್ಲೋ ಬಾಗಲಕೋಟೆಯಲ್ಲೋ ಇರುವ ಆಯುರ್ವೇದ ಕಾಲೇಜಿನ ವೈದ್ಯರಿಗೆ ಔಷಧ ತೋರಿಸಿ, ಜೊತೆಗೆ ರಕ್ತ ಪರೀಕ್ಷೆಯನ್ನೂ ಮಾಡಿಸಿ. ಎರಡೂ ಒಟ್ಟಿಗೆ ನಡೆಯಲಿ.

ಇವೆಲ್ಲಕ್ಕಿಂತ ಅಪಾಯಕಾರಿಯಾದದ್ದು ಔಷಧ ಕೊಟ್ಟು ಮಾಡುವ ಮೂತ್ರ ಪರೀಕ್ಷೆ. ಲೋಹ ಎಳೆದು ತರುವ ಚೆಲೇಶನ್ ಔಷಧವನ್ನು ಮೊದಲು ಕೊಡುತ್ತಾರೆ, ಆಮೇಲೆ ಮೂತ್ರ ಹಿಡಿಯುತ್ತಾರೆ. ಈ ಔಷಧ ಯಾರಿಗೆ ಕೊಟ್ಟರೂ ಮೂತ್ರದಲ್ಲಿ ಲೋಹ ಏರಿಯೇ ಏರುತ್ತದೆ. ಆ ಅಂಕಿಯನ್ನು ಔಷಧ ತೆಗೆದುಕೊಳ್ಳದವರ ಮಿತಿಗೆ ಹೋಲಿಸಿದರೆ ಊರಿಗೆಲ್ಲ ವಿಷವಾಗಿದೆ ಎಂದು ಕಾಣುತ್ತದೆ, ಅಲ್ವಾ? ಅಮೆರಿಕದ ವೈದ್ಯಕೀಯ ವಿಷಶಾಸ್ತ್ರ ತಜ್ಞರ ಸಂಘ ಈ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ವರದಿ ನೋಡಲು ಬಲು ಅಚ್ಚುಕಟ್ಟಾಗಿರುತ್ತದೆ, ಲ್ಯಾಬೂ ನಿಜವಾದದ್ದೇ ಇರುತ್ತದೆ. ಓದಿದವರೂ ಮೋಸಹೋಗುವುದು ಇಲ್ಲೇ.

ಹೆಜ್ಜೆ 4: ಪರೀಕ್ಷೆಯನ್ನೇ ಪರೀಕ್ಷೆಗೆ ಒಡ್ಡಿ

ನನ್ನ ಮಾತನ್ನೂ ಸುಮ್ನೆ ನಂಬಬೇಡಿ. ಕಾಲು ತೊಟ್ಟಿಯವರಿಗೆ ಕಾಲಿಡದೆ ಅಷ್ಟೇ ಉಪ್ಪು ಹಾಕಿ, ಅಷ್ಟೇ ಹೊತ್ತು ಯಂತ್ರ ನಡೆಸಿ ತೋರಿಸಲು ಹೇಳಿ. ಅಂಗಾಲಿನ ಪಟ್ಟಿಯ ಮೇಲೆ ಒಂದು ಚಮಚ ಬಿಸಿನೀರು ಹಾಕಿ ನೋಡಿ. ಕಡ್ಡಿ ಯಂತ್ರದವರಲ್ಲಿ ಒಂದು ಸಲ ಸರಿಯಾದ ವಯಸ್ಸು, ತೂಕ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಬೇರೆ ವಯಸ್ಸು, ತೂಕ ಹೇಳಿ ಮತ್ತೆ ಕಡ್ಡಿ ಹಿಡಿಯಿರಿ. ಎರಡು ವರದಿಗಳನ್ನು ಪಕ್ಕಪಕ್ಕ ಇಟ್ಟು ಓದಿ. ಮಾಂಸಖಂಡ ಪರೀಕ್ಷೆಯವರಿಗೆ ಸೀಸೆಗಳನ್ನು ಕಾಗದದಲ್ಲಿ ಸುತ್ತಿ ಕೊಡಿ, ಯಾವುದು ಯಾವುದು ಎಂದು ಮೂರನೆಯವರು ಮಾತ್ರ ಬರೆದಿಟ್ಟಿರಲಿ. ಕೂದಲಾದರೆ ಒಂದೇ ಕೂದಲನ್ನು ಎರಡು ಹೆಸರಿನಲ್ಲಿ ಕಳಿಸಿ.

ಒಂದು ಪ್ರಶ್ನೆಯನ್ನು ಎಲ್ಲರಿಗೂ ಕೇಳಿ: ನಿಮ್ಮ ಪರೀಕ್ಷೆಯಲ್ಲಿ ಲೋಹ ಇಲ್ಲ ಎಂದು ಬಂದವರು ಎಷ್ಟು ಜನ? ಎಲ್ಲರಿಗೂ ಜಾಸ್ತಿ ಬರುವ ಪರೀಕ್ಷೆ ಪರೀಕ್ಷೆಯೇ ಅಲ್ಲ. ಪರೀಕ್ಷೆ ಮಾಡುವವರೇ ಔಷಧವನ್ನೂ ಮಾರುತ್ತಿದ್ದರೆ ಇನ್ನೂ ಹುಷಾರಾಗಿರಿ.

ಹೆಜ್ಜೆ 5: ಯಾವ ಲೋಹಕ್ಕೆ ಯಾವ ಸ್ಯಾಂಪಲ್

ಹೆಜ್ಜೆ 1ರ ನೋಟ್‌ಬುಕ್ ಹಿಡಿದು ವೈದ್ಯರ ಹತ್ತಿರ ಹೋಗಿ. ಬೆಳಗಾವಿಯ ಬಿಮ್ಸ್, ಕೆಎಲ್‌ಇ, ವಿಜಯಪುರದ ಬಿಎಲ್‌ಡಿಇ, ಬಾಗಲಕೋಟೆಯ ನಿಜಲಿಂಗಪ್ಪ ಮೆಡಿಕಲ್ ಕಾಲೇಜು, ಇಂಥ ಕಡೆ ಮೆಡಿಸಿನ್ ವಿಭಾಗದಲ್ಲಿ ತೋರಿಸಬಹುದು. "ಡಾಕ್ಟರೇ, ನನ್ನ ಕೆಲಸ ಇದು, ಎಂಟು ವರ್ಷದಿಂದ ಮಾಡುತ್ತಿದ್ದೇನೆ, ಸೀಸದ ಪರೀಕ್ಷೆ ಬೇಕೇ?" ಎಂದು ನೇರವಾಗಿ ಕೇಳಿ. ಕೆಲಸದ ಬಗ್ಗೆ ನೀವೇ ಹೇಳದಿದ್ದರೆ ಹೊಟ್ಟೆನೋವಿಗೆ ಗ್ಯಾಸಿನ ಮಾತ್ರೆ ಬರೆದು ಕಳಿಸುವ ಸಂಭವವೇ ಹೆಚ್ಚು.

ಸೀಸಕ್ಕೆ ರಕ್ತನಾಳದಿಂದ ತೆಗೆದ ಪೂರ್ತಿ ರಕ್ತ ಬೇಕು. ಕಣಗಳನ್ನು ಬೇರ್ಪಡಿಸಿ ಉಳಿದ ತಿಳಿ ದ್ರವ, ಅಂದರೆ ಸೀರಂ ಅಲ್ಲ. ರಕ್ತದಲ್ಲಿನ ಸೀಸದ ಹತ್ತಿರ ಹತ್ತಿರ ಶೇ 99ರಷ್ಟು ಕೆಂಪುಕಣಗಳೊಳಗೇ ಕೂತಿರುತ್ತದೆ. ಸೀರಂನಲ್ಲಿ ಅಳೆದರೆ ಇದ್ದ ಸೀಸವೂ ತಪ್ಪಿಹೋಗುತ್ತದೆ. ಮಕ್ಕಳಿಗೆ ಬೆರಳು ಚುಚ್ಚಿ ನೋಡುವುದಾದರೆ ಮೊದಲು ಸೋಪು ಹಚ್ಚಿ ಕೈ ತೊಳೆಸಿ, ಚರ್ಮದ ಮೇಲಿನ ಧೂಳೂ ಲೆಕ್ಕಕ್ಕೆ ಬಂದುಬಿಡುತ್ತದೆ. ಜಾಸ್ತಿ ಬಂದರೆ ರಕ್ತನಾಳದ ರಕ್ತದಲ್ಲಿ ಖಚಿತ ಮಾಡಿಕೊಳ್ಳಿ.

ಆರ್ಸೆನಿಕ್ ರಕ್ತದಿಂದ ಬೇಗ ಖಾಲಿಯಾಗುತ್ತದೆ, ಅದಕ್ಕೆ ಮೂತ್ರವೇ ಸರಿ. ಪರೀಕ್ಷೆಗೆ ಮೊದಲು ನಾಲ್ಕೈದು ದಿನ ಸಮುದ್ರದ ಮೀನು, ಸಿಗಡಿ ತಿನ್ನಬೇಡಿ. ಕಾರವಾರ, ಗೋವಾದ ಮೀನು ಬೆಳಗಾವಿ ಪೇಟೆಗೆ ದಿನವೂ ಬರುತ್ತದೆ. ಅದರಲ್ಲಿರುವ ಆರ್ಸೆನಿಕ್ ನಿರುಪದ್ರವಿ ಬಗೆಯದು, ಆದರೆ ಅಂಕಿಯನ್ನು ಏರಿಸುತ್ತದೆ. ಪಾದರಸಕ್ಕೆ ಎರಡು ದಾರಿ: ಮೀನಿನ ಅನುಮಾನವಾದರೆ ರಕ್ತ; ಕ್ರೀಮು, ಭಸ್ಮ, ಆವಿಯ ಅನುಮಾನವಾದರೆ ಮೂತ್ರ. ಕ್ಯಾಡ್ಮಿಯಂ ಬಹುಕಾಲದ ಸಂಗ್ರಹ ತಿಳಿಯಲು ಮೂತ್ರ, ಈಚಿನದಕ್ಕೆ ರಕ್ತ. ಬೀಡಿ, ಸಿಗರೇಟು ಸೇದುವವರು ಅದನ್ನು ಹೇಳಲೇಬೇಕು, ತಂಬಾಕಿನಲ್ಲೇ ಕ್ಯಾಡ್ಮಿಯಂ ಇದೆ.

ಎಂಆರ್‌ಐ, ಸಿಟಿ ಸ್ಕ್ಯಾನಿಗೆ ಬಣ್ಣದ ಇಂಜೆಕ್ಷನ್ ತೆಗೆದುಕೊಂಡಿದ್ದರೆ ನಾಲ್ಕು ದಿನ ಬಿಟ್ಟು ಸ್ಯಾಂಪಲ್ ಕೊಡಿ. ಮೂತ್ರದ ಡಬ್ಬಿ ಲ್ಯಾಬಿನವರು ಕೊಟ್ಟದ್ದೇ ಆಗಿರಲಿ. ಮೂತ್ರ ಎಷ್ಟು ತೆಳುವಾಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ಅನ್ನೂ ಜೊತೆಗೆ ಅಳೆಯುತ್ತಾರೆಯೇ ಎಂದು ಕೇಳಿ. ಇಲ್ಲದಿದ್ದರೆ ನೀರು ಜಾಸ್ತಿ ಕುಡಿದವರಿಗೆ ಕಡಿಮೆ, ಬಿಸಿಲಲ್ಲಿ ಬೆವರಿದವರಿಗೆ ಜಾಸ್ತಿ ಬರುತ್ತದೆ. ನಮ್ಮ ಬೇಸಗೆಯಲ್ಲಿ ಇದು ಸಣ್ಣ ವಿಷಯವಲ್ಲ. ಯಾವ ವಿಧಾನ ಎಂದು ಕೇಳಿದಾಗ ಐಸಿಪಿ-ಎಂಎಸ್ ಅಥವಾ ಅಟಾಮಿಕ್ ಅಬ್ಸಾರ್ಪ್ಶನ್ ಎಂದು ಉತ್ತರ ಬರಬೇಕು, ಎರಡೂ ಲೋಹವನ್ನು ನಿಖರವಾಗಿ ಅಳೆಯುವ ಯಂತ್ರಗಳ ವಿಧಾನ. ಲ್ಯಾಬುಗಳನ್ನು ಪರಿಶೀಲಿಸಿ ಕೊಡುವ ಎನ್‌ಎಬಿಎಲ್ ಮಾನ್ಯತೆ ಆ ಪರೀಕ್ಷೆಗೇ ಇದೆಯೇ ಎಂದೂ ವಿಚಾರಿಸಿ. ಸ್ಯಾಂಪಲ್ ದೊಡ್ಡ ಊರಿನ ಲ್ಯಾಬಿಗೆ ಹೋಗಬೇಕಾಗಬಹುದು, ವರದಿ ತಡವಾದರೆ ಗಾಬರಿಬೀಳಬೇಡಿ.

ಇದರ ಜೊತೆಗೇ ಹಿಮೋಗ್ಲೋಬಿನ್ ಸಹಿತ ರಕ್ತಕಣಗಳ ಎಣಿಕೆ (ಸಿಬಿಸಿ), ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್, ಮೂತ್ರಪಿಂಡಕ್ಕಾಗಿ ರಕ್ತದ ಕ್ರಿಯಾಟಿನಿನ್, ಮೂತ್ರದ ಪ್ರೊಟೀನ್, ಬಿ12, ಥೈರಾಯ್ಡಿಗೆ ಟಿಎಸ್‌ಎಚ್ ಮಾಡಿಸಿಕೊಳ್ಳಿ. ನಿಮ್ಮ ಸುಸ್ತಿಗೆ ಉತ್ತರ ಇಲ್ಲೇ ಸಿಗುವ ಸಾಧ್ಯತೆ ಜಾಸ್ತಿ.

ಹೆಜ್ಜೆ 6: ವರದಿ ಓದುವುದು

ಮೊದಲು ಅಳತೆಯ ಮಾನ ನೋಡಿ. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಎಂದರೆ ಲೀಟರಿಗೆ 50 ಮೈಕ್ರೋಗ್ರಾಂ. ಎರಡೂ ಒಂದೇ. ಒಂದು ಲ್ಯಾಬಿನಲ್ಲಿ 5, ಇನ್ನೊಂದರಲ್ಲಿ 50 ಬಂತೆಂದು ಜೀವ ಬಾಯಿಗೆ ತಂದುಕೊಳ್ಳಬೇಡಿ.

ಸೀಸಕ್ಕೆ ಸುರಕ್ಷಿತ ಎಂಬ ಮಟ್ಟವೇ ಇಲ್ಲ. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಹೆಚ್ಚಿದ್ದರೆ ಮೂಲ ಹುಡುಕಿ ತಪ್ಪಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಅಮೆರಿಕದಲ್ಲಿ ಮಕ್ಕಳಿಗೆ ಎಚ್ಚರಿಕೆಯ ಗೆರೆ ಅದೇ ವರ್ಷದಿಂದ 3.5. ಮಕ್ಕಳಲ್ಲಿ 45 ಅಥವಾ ಹೆಚ್ಚಿದ್ದರೆ ಚೆಲೇಶನ್ ಚಿಕಿತ್ಸೆಯ ಮಾತು ಬರುತ್ತದೆ. ನಡುವಿನ ಅಂಕಿಗಳಿಗೆ ಮುಖ್ಯ ಔಷಧ ಮೂಲ ತಪ್ಪಿಸುವುದೇ.

ಇಪ್ಪತ್ತು ಲೋಹಗಳ ಪ್ಯಾಕೇಜ್ ಮಾಡಿಸಿದ್ದರೆ ಒಂದು ಲೆಕ್ಕ ನೆನಪಿಡಿ. ಆರೋಗ್ಯವಂತರಲ್ಲಿ ಶೇ 95 ಜನ ಬೀಳುವ ಅಳತೆಯನ್ನು ಸಾಮಾನ್ಯ ಮಿತಿ ಎನ್ನುತ್ತಾರೆ. ಇಪ್ಪತ್ತು ಬೇರೆ ಬೇರೆ ಪರೀಕ್ಷೆ ಮಾಡಿದರೆ ಪೂರ್ಣ ಆರೋಗ್ಯವಂತರಲ್ಲೂ ಒಂದಾದರೂ ಮಿತಿಯ ಹೊರಗೆ ಬೀಳುವ ಸಂಭವ ಸುಮಾರು ಶೇ 64. ಆದ್ದರಿಂದ ನಿಮ್ಮ ನೋಟ್‌ಬುಕ್‌ನಲ್ಲಿ ಯಾವ ಲೋಹದ ಅನುಮಾನವಿದೆಯೋ ಅದನ್ನಷ್ಟೇ ಮಾಡಿಸಿ.

ಹೆಜ್ಜೆ 7: ಜಾಸ್ತಿ ಬಂದರೆ

ಮೂಲದಿಂದ ದೂರವಾಗುವುದು ಮೊದಲು. ಪುಡಿ, ಕ್ರೀಮು, ಸುರ್ಮಾ ನಿಲ್ಲಿಸಿ, ಆದರೆ ಎಸೆಯಬೇಡಿ, ಪರೀಕ್ಷೆಗೆ ಬೇಕಾಗುತ್ತದೆ. ಗ್ಯಾರೇಜು, ಫೌಂಡ್ರಿ, ಬ್ಯಾಟರಿ ಕೆಲಸದವರು ಅಲ್ಲೇ ಕೈ ಮುಖ ತೊಳೆದು ಉಣ್ಣಲಿ, ಬೀಡಿ ಸೇದಲಿಕ್ಕೂ ಕೈ ತೊಳೆಯಲಿ, ಕೆಲಸದ ಅಂಗಿ ಮನೆಗೆ ತರದಿರಲಿ, ತಂದರೆ ಬೇರೆಯಾಗಿ ಒಗೆಯಲಿ. ಮನೆಯನ್ನು ಕಸಬರಿಗೆಯಿಂದ ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಿ.

ಖಾಲಿ ಹೊಟ್ಟೆಯಲ್ಲಿ ಮೈ ಸೀಸವನ್ನು ಹೆಚ್ಚು ಹೀರುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಕಡಿಮೆಯಿದ್ದರೂ ಹಾಗೇ. ಹೊತ್ತಿಗೆ ಸರಿಯಾಗಿ ಊಟ, ಹಾಲು, ಮೊಸರು, ರಾಗಿ, ಎಳ್ಳು, ಸೊಪ್ಪಿನ ಪಲ್ಯ, ಜೊತೆಗೆ ನಿಂಬೆಹಣ್ಣು ಇರಲಿ. ಬಸುರಿಯರು ಮಣ್ಣು ತಿನ್ನುವ ಬಯಕೆಯನ್ನು ತಡೆಯಬೇಕು, ಕೆಲವು ಮಣ್ಣಿನಲ್ಲಿ ಸೀಸ ಇರುತ್ತದೆ. ಸೀಸ ಮಾಸು (ಪ್ಲಾಸೆಂಟಾ) ದಾಟಿ ಮಗುವಿಗೂ ಹೋಗುತ್ತದೆ. ಕೊತ್ತಂಬರಿ ಜ್ಯೂಸು, ಕ್ಲೋರೆಲ್ಲಾ ಎಂಬ ಪಾಚಿ, ಜೇಡಿಮಣ್ಣಿನ ಡಿಟಾಕ್ಸ್ ಲೋಹ ತೆಗೆಯುತ್ತವೆ ಎಂಬುದಕ್ಕೆ ಮನುಷ್ಯರಲ್ಲಿ ಗಟ್ಟಿ ಆಧಾರವಿಲ್ಲ. ಕೊತ್ತಂಬರಿಯನ್ನು ಚಟ್ನಿ ಮಾಡಿ ತಿನ್ನಿ, ಚಿಕಿತ್ಸೆ ಎಂದು ನಂಬಿ ಕೂರಬೇಡಿ.

ಚೆಲೇಶನ್ ಆಸ್ಪತ್ರೆಯೊಳಗೆ, ಖಚಿತವಾದ ರಕ್ತದ ವರದಿ ಇಟ್ಟುಕೊಂಡು ಮಾತ್ರ. ಆ ಔಷಧ ಸೀಸದ ಜೊತೆ ಮೈಗೆ ಬೇಕಾದ ಖನಿಜಗಳನ್ನೂ ಎಳೆದುಕೊಂಡು ಹೋಗುತ್ತದೆ. 2005ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಆಟಿಸಂಗೆ ಎಂದು ಚೆಲೇಶನ್ ಕೊಟ್ಟ ಪುಟ್ಟ ಹುಡುಗ ರಕ್ತದ ಕ್ಯಾಲ್ಸಿಯಂ ಕುಸಿದು ತೀರಿಕೊಂಡ. ಕ್ಯಾಲ್ಸಿಯಂ ಇರುವ ಇಡಿಟಿಎ ಎಂಬ ಚೆಲೇಶನ್ ಔಷಧದ ಬದಲು ಇನ್ನೊಂದು ಬಗೆಯ ಇಡಿಟಿಎ ಕೊಟ್ಟಿದ್ದರು. ಕ್ಲಿನಿಕ್ಕಿನಲ್ಲಿ ಡ್ರಿಪ್ ಹಾಕಿ ಲೋಹ ತೆಗೆಯುತ್ತೇವೆ ಎನ್ನುವವರಿಗೆ, ಅದರಲ್ಲೂ ಮಕ್ಕಳ ವಿಷಯದಲ್ಲಿ, ದಯವಿಟ್ಟು ಒಪ್ಪಬೇಡಿ.

ಮೂಲ ತಪ್ಪಿಸಿದ ಮೇಲೆ ಒಂದರಿಂದ ಮೂರು ತಿಂಗಳೊಳಗೆ, ವೈದ್ಯರು ಹೇಳಿದ ದಿನಕ್ಕೆ, ಅದೇ ಲ್ಯಾಬಿನಲ್ಲಿ ಅದೇ ಬಗೆಯ ಸ್ಯಾಂಪಲ್ ಕೊಟ್ಟು ಮತ್ತೆ ಅಳೆಸಿ. ಹೊಸ ಸೀಸ ಬರುವುದು ನಿಂತರೆ ರಕ್ತದಲ್ಲಿನದು ಸುಮಾರು ಒಂದು ತಿಂಗಳಿಗೆ ಅರ್ಧವಾಗಬೇಕು. ಆದರೆ ವರ್ಷಗಟ್ಟಲೆ ಕೆಲಸ ಮಾಡಿದವರ ಮೂಳೆಯಲ್ಲಿ ಕೂತ ಸೀಸ ಮೆಲ್ಲಗೆ ರಕ್ತಕ್ಕೆ ಇಳಿಯುತ್ತಲೇ ಇರುತ್ತದೆ. ಅಂಥವರಲ್ಲಿ ಅಂಕಿ ನಿಧಾನವಾಗಿ ಇಳಿದರೆ ಚಿಂತೆಯಿಲ್ಲ. ಇಳಿಯದೆ ಏರಿದರೆ ಮೂಲ ಇನ್ನೂ ಮನೆಯಲ್ಲೋ ಕೆಲಸದಲ್ಲೋ ಇದೆ. ನೋಟ್‌ಬುಕ್ ತೆಗೆದು ಕೆಲಸ, ಭಾಂಡೆ, ಅರಿಶಿಣ, ಕಪಾಟು, ನೀರು ಎಲ್ಲವನ್ನೂ ಇನ್ನೊಮ್ಮೆ ಕೇಳಿ. ಈ ಸಲ ಮನೆಯ ಮಕ್ಕಳ ರಕ್ತವನ್ನೂ ಪರೀಕ್ಷೆಗೆ ಕೊಡಿ.